ಕಣ್ಣು ಒದ್ದೆಯಿದ್ದರೆ ಮರಿ ಬದುಕೀತು

ಅವ್ವನಿಗೆ ಮೊದಲು ಕೇಳಿಸಿದ್ದು ಕತ್ತೆಯ ಕೂಗು. ಟಿಕೆಟ್ ತೆಗೆದುಕೊಂಡು ಒಳಗೆ ಬಂದು ಹತ್ತು ಹೆಜ್ಜೆ ಹಾಕಿರಲಿಲ್ಲ, ಗೋಡೆಯಾಚೆ ಯಾವುದೋ ಕತ್ತೆ ದಮ್ಮು ಕಟ್ಟಿ ಅರಚಿದಂತಾಯಿತು. ಅವ್ವ ನಿಂತೇಬಿಟ್ಟಳು. "ಮೀನು ತೋರಿಸ್ತೀನಿ ಅಂತ ಕರ್ಕಂಡು ಬಂದು ಕತ್ತೆ ತೋರಿಸ್ತೀಯೇನೋ? ಇದನ್ನ ನೋಡಾಕೆ ಕಂಪ್ಲಿಯಿಂದ ಇಷ್ಟು ದೂರ ಬರಬೇಕಿತ್ತಾ?"

ಅವಳದೇನೂ ತಪ್ಪಿಲ್ಲ. ಅರ್ಧ ಗಂಟೆ ಹಿಂದಷ್ಟೇ ಕಡಲ ದಂಡೆಯ ಮೇಲೆ ಮಕ್ಕಳ ಸವಾರಿಗೆಂದು ಸಾಲಾಗಿ ನಿಲ್ಲಿಸಿದ್ದ ಕತ್ತೆಗಳನ್ನು ನೋಡಿದ್ದಳು. ಕೈಯಾರೆ ದುಡ್ಡು ಕೊಟ್ಟು ನಾನು ಮಗನನ್ನು ಅದರ ಮೇಲೆ ಕೂರಿಸಿದ್ದನ್ನೂ ನೋಡಿ, "ನಮ್ಮೂರಾಗೆ ಕತ್ತೆ ಮ್ಯಾಲೆ ಕೂರಿಸಿದ್ರೆ ಮಾನ ಹೋಗತೈತೆ, ಇಲ್ಲಿ ನೋಡಿದ್ರೆ ಫೋಟೋ ತೆಗೀತಾರೆ" ಎಂದು ನಕ್ಕಿದ್ದಳು. ಮೂಲೆ ತಿರುಗಿದೆವು. ಕೂಗುತ್ತಿದ್ದದ್ದು ಒಂದು ಪೆಂಗ್ವಿನ್. ಕೊರಳೆತ್ತಿ, ಎದೆಯುಬ್ಬಿಸಿ, ರೆಕ್ಕೆಯೆಂದು ಹೇಳಿಕೊಳ್ಳುವ ಎರಡು ಹಲಗೆಗಳನ್ನು ಹಿಂದಕ್ಕೆ ಚಾಚಿ, ಥೇಟ್ ಅಗಸರ ಕತ್ತೆಯ ಶ್ರುತಿಯಲ್ಲಿ ಹಾಡುತ್ತಿತ್ತು. ಹಿಮದ ನಾಡಿನ ಪೆಂಗ್ವಿನ್ ಅಲ್ಲ ಇದು. ದಕ್ಷಿಣ ಆಫ್ರಿಕ, ನಮೀಬಿಯಗಳ ಕರಾವಳಿಯದು. ಈ ಕೂಗಿನಿಂದಾಗಿಯೇ ಇಂಗ್ಲಿಷರು ಅದಕ್ಕೆ ಕತ್ತೆ ಪೆಂಗ್ವಿನ್ ಎಂದು ಅಡ್ಡಹೆಸರು ಇಟ್ಟಿದ್ದಾರೆ. ಅವ್ವನ ಕಿವಿ ಸುಳ್ಳು ಹೇಳಿರಲಿಲ್ಲ.

ನಾವು ಬಂದಿದ್ದು ಸ್ಕೆಗ್ನೆಸ್ಸಿಗೆ. ಇಂಗ್ಲೆಂಡಿನ ಪೂರ್ವ ಕರಾವಳಿಯ ಲಿಂಕನ್‌ಷೈರಿನ ಒಂದು ಹಳೆಯ ವಿಹಾರದೂರು. ನಾವಿರುವ ಲೆಸ್ಟರಿನಿಂದ ಕಾರಿನಲ್ಲಿ ಎರಡೂವರೆ ಗಂಟೆ. ಕೊನೆಯ ಒಂದು ಗಂಟೆ ಎಲೆಕೋಸಿನ ಹೊಲಗಳ ನಡುವೆ ಟ್ರ್ಯಾಕ್ಟರ್ ಹಿಂದೆ ತೆವಳಬೇಕು. ಸಿರಿವಂತರು ಬರುವ ಊರಲ್ಲ. ನಾಟಿಂಗ್‌ಹ್ಯಾಮ್, ಡರ್ಬಿ, ಲೆಸ್ಟರ್‌ಗಳ ಗಿರಣಿ, ಗಣಿ ಕಾರ್ಮಿಕರು ವರ್ಷಕ್ಕೊಮ್ಮೆ ರೈಲು ಹತ್ತಿ ಬಂದು ಕಾಲು ಒದ್ದೆ ಮಾಡಿಕೊಂಡು ಹೋಗುತ್ತಿದ್ದ ಊರು. ಗಾಳಿ ಎಷ್ಟು ಚುರುಕೆಂದರೆ, 1908ರಲ್ಲಿ ರೈಲು ಕಂಪನಿಯವರು ಅದನ್ನೇ ಬಂಡವಾಳ ಮಾಡಿಕೊಂಡು, ಗಾಳಿಯಲ್ಲಿ ಕುಣಿಯುವ ದಪ್ಪ ಮೀನುಗಾರನೊಬ್ಬನ ಚಿತ್ರ ಬರೆಸಿ ಜಾಹೀರಾತು ಹಚ್ಚಿದರು. ಅವನ ಬೊಂಬೆ ಇವತ್ತಿಗೂ ಊರ ತುಂಬ ಇದೆ. ಆಗಸ್ಟ್ ತಿಂಗಳಲ್ಲಿ ಸ್ವೆಟರ್ ಮೇಲೆ ಶಾಲು ಹೊದ್ದ ಅವ್ವ ಮಾತ್ರ ಕುಣಿಯುವ ಲಕ್ಷಣ ತೋರಲಿಲ್ಲ.

ಆ ದಂಡೆಗೆ ಅಂಟಿಕೊಂಡೇ ಇರುವುದು ನೇಚರ್‌ಲ್ಯಾಂಡ್. 1965ರಿಂದ ನಡೆಯುತ್ತಿರುವ, ಒಂದು ಕುಟುಂಬ ನಡೆಸಿಕೊಂಡು ಬಂದಿರುವ ಪುಟ್ಟ ಮೃಗಾಲಯ. ಅದರೊಳಗೆ ಒಂದು ಅಕ್ವೇರಿಯಂ, ಮೊಸಳೆಗಳಿರುವ ಬಿಸಿಲುಮನೆ, ಮುಂಗುಸಿಯ ಬಂಧುಗಳಾದ ಮೀರ್‌ಕ್ಯಾಟ್‌ಗಳು, ಮಕ್ಕಳು ಮೈದಡವಬಹುದಾದ ಮೇಕೆಗಳು. ಇವೆಲ್ಲದರ ನಡುವೆ, ಹೊರಗಿನಿಂದ ನೋಡಿದರೆ ಗೊತ್ತೇ ಆಗದಂತೆ, ಒಂದು ಆಸ್ಪತ್ರೆ. ತಾಯಿ ತಪ್ಪಿದ ಸೀಲ್ ಮರಿಗಳ ಆಸ್ಪತ್ರೆ. ಈ ಆರು ದಶಕಗಳಲ್ಲಿ ನೂರಾರು ಮರಿಗಳು ಇಲ್ಲಿ ಚೇತರಿಸಿಕೊಂಡು ಮತ್ತೆ ಕಡಲಿಗೆ ಹೋಗಿವೆ.

ದೊಡ್ಡ ಊರಿನ ಅಕ್ವೇರಿಯಂಗಳನ್ನು ಮಕ್ಕಳಿಗೆ ತೋರಿಸಿದ್ದೇನೆ. ತಲೆಯ ಮೇಲೆ ಶಾರ್ಕ್ ಹೋಗುತ್ತದೆ, ನೀಲಿ ಬೆಳಕು, ಸಂಗೀತ, ಹೊರಬರುವ ದಾರಿಯಲ್ಲಿ ಆಟಿಕೆ ಅಂಗಡಿ. ಮೂರು ದಿನದ ಮೇಲೆ ಕೇಳಿದರೆ ಮಕ್ಕಳಿಗೆ ನೆನಪಿರುವುದು ಆಟಿಕೆ ಅಂಗಡಿ. ಇಲ್ಲಿ ಹಾಗಲ್ಲ. ಅಕ್ವೇರಿಯಂ ಎಂದರೆ ಕತ್ತಲೆಯ ಒಂದು ಓಣಿ, ಇಕ್ಕೆಲದಲ್ಲಿ ಗಾಜಿನ ತೊಟ್ಟಿಗಳು. ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಆದರೆ ತೊಟ್ಟಿಗಳು ಆರು ವರ್ಷದವನ ಮೂಗಿನ ಮಟ್ಟಕ್ಕಿವೆ, ಹಿಂದಿನಿಂದ ತಳ್ಳುವ ಗುಂಪಿಲ್ಲ. ಮಗ ಒಂದೇ ಮೀನಿನ ಎದುರು ಬಾಯಿ ಅಗಲಿಸಿ ಮುಚ್ಚಿ, ಅಗಲಿಸಿ ಮುಚ್ಚಿ, ಅದರ ಜೊತೆ ಏನೋ ಮಾತಾಡಿದ. ಗಾಜಿನ ಮೇಲೆ ಮೂಗಿನ ಗುರುತು ಉಳಿಯಿತು. ಅಜ್ಜಿ ಸೆರಗಿನಿಂದ ಒರೆಸಿದಳು. ಅಕ್ವೇರಿಯಂ ಬಗ್ಗೆ ಇಷ್ಟು ಸಾಕು. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಅದರಾಚೆಯ ಗಾಜು.

ಆ ಗಾಜಿನ ಹಿಂದೆ ಹೆಂಚು ಹಾಸಿದ ಒಂದು ಸಣ್ಣ ಕಟ್ಟೆಯಂಥ ಅಂಗಳ. ಮೂಲೆಯಲ್ಲಿ ಬೂದುಬಣ್ಣದ, ಕಂದು ಚುಕ್ಕೆಗಳ ಒಂದು ಮರಿ ಬಿದ್ದುಕೊಂಡಿತ್ತು. ಹೊಲಿಗೆ ಬಿಟ್ಟ ದಿಂಬಿನ ಹಾಗೆ, ಒಳಗಿನ ಹತ್ತಿ ಕಡಿಮೆಯಾದಂತೆ, ಚರ್ಮ ಮಡಿಕೆ ಮಡಿಕೆಯಾಗಿತ್ತು. ಸೀಲ್ ಮರಿಯೆಂದರೆ ಉರುಟುರುಟಾಗಿರಬೇಕು. ಇದರ ಕುತ್ತಿಗೆ ಕಾಣುತ್ತಿತ್ತು. ಕುತ್ತಿಗೆ ಕಂಡರೆ ಮರಿ ಸೊರಗಿದೆ ಎಂದೇ ಲೆಕ್ಕ. ಒಂದು ಸಲ ತಲೆಯೆತ್ತಿ ಕೂಗಿತು. ನಾನು ಡಾಕ್ಟರು, ಮಕ್ಕಳ ವಾರ್ಡಿನಲ್ಲಿ ರಾತ್ರಿಗಳನ್ನು ಕಳೆದವನು. ಆ ಕೂಗಿಗೆ ನನ್ನ ಕಾಲು ತಾನಾಗಿ ಅತ್ತ ಹೊರಟಿತು. ಎಳೆಗೂಸಿನ ಅಳುವೇ ಅದು, ಬೇರೆ ಹೇಳಬೇಕಾಗಿಲ್ಲ.

"ಅಪ್ಪ, ಅದರ ಕಣ್ಣಲ್ಲಿ ನೀರು. ಅಮ್ಮ ಬೇಕು ಅಂತ ಅಳ್ತಿದೆ" ಎಂದಳು ಒಂಬತ್ತು ವರ್ಷದ ಮಗಳು. ಅವಳ ಗಂಟಲೂ ಕಟ್ಟಿತ್ತು. ನಿಜಕ್ಕೂ ಎರಡೂ ಕಣ್ಣುಗಳ ಸುತ್ತ ತುಪ್ಪಳ ತೊಯ್ದು, ಕಾಡಿಗೆ ಕಲಸಿದಂತೆ ಕಪ್ಪು ವರ್ತುಲ ಮೂಡಿತ್ತು.

ಅಲ್ಲೇ ಬಕೆಟ್ ಹಿಡಿದು ಹೊರಟಿದ್ದ ಕೆಲಸದ ಹುಡುಗಿಯೊಬ್ಬಳು ನಿಂತು ಮಗಳಿಗೆ ವಿವರಿಸಿದಳು. ನಮ್ಮ ಕಣ್ಣಿನ ಒಳಮೂಲೆಯಲ್ಲಿ ನೀರು ಮೂಗಿಗಿಳಿಯಲು ಒಂದು ಸಣ್ಣ ನಾಳವಿರುತ್ತದೆ. ಸೀಲ್‌ಗಳಿಗೆ ಅದಿಲ್ಲ. ಉಪ್ಪುನೀರಿನಿಂದ ಕಣ್ಣು ಕಾಪಾಡಿಕೊಳ್ಳಲು ಅವುಗಳ ಕಣ್ಣು ಸದಾ ಒಸರುತ್ತಿರುತ್ತದೆ. ಇಳಿದುಹೋಗಲು ದಾರಿಯಿಲ್ಲದ್ದರಿಂದ ಕೆನ್ನೆಯ ಮೇಲೆ ಹರಿಯುತ್ತದೆ. ಹಾಗಾಗಿ ದಂಡೆಯ ಮೇಲೆ ಮರಿ ಸಿಕ್ಕಾಗ ಅವರು ಮೊದಲು ನೋಡುವುದೇ ಕಣ್ಣಿನ ಸುತ್ತಲ ಒದ್ದೆಯನ್ನು. ಒದ್ದೆ ಇದ್ದರೆ ಮೈಯಲ್ಲಿ ನೀರಿದೆ. ಒಣಗಿದ್ದರೆ ಗಾಬರಿಯಾಗಬೇಕು.

ನಾನು ತಲೆಯಾಡಿಸಿದೆ. ಬಳ್ಳಾರಿ ಕಡೆಯ ವಾಂತಿಭೇದಿಯ ವಾರ್ಡು ಕಣ್ಣ ಮುಂದೆ ಬಂತು. ಬೇಸಿಗೆಯಲ್ಲಿ ತಾಯಂದಿರು ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಿದ್ದ ಕೂಸುಗಳು. ನಾವು ಹೊಸಬರು ಕೇಳಲು ಕಲಿತಿದ್ದ ಮೊದಲ ಪ್ರಶ್ನೆ: ಅತ್ತಾಗ ಕಣ್ಣಾಗೆ ನೀರು ಬರತೈತೇನವ್ವ? ಬರುತ್ತದೆ ಎಂದರೆ ನಮಗೆ ಅರ್ಧ ಜೀವ ಬಂದಂತೆ. ಒಣಕಣ್ಣಿನಲ್ಲಿ ಅಳುವ ಕೂಸನ್ನು ಕಂಡರೆ ಸೂಜಿ ಹಿಡಿದ ಕೈ ನಡುಗುತ್ತಿತ್ತು. ಅದೇ ಪಾಠ, ಸೀಲ್‌ಗೂ. ಚಿಕಿತ್ಸೆಯೂ ಹೆಚ್ಚುಕಡಿಮೆ ಅದೇ. ಬಂದ ಮರಿಗೆ ಒಡನೆಯೇ ಮೀನು ತುರುಕುವುದಿಲ್ಲ. ಉಪವಾಸ ಬಿದ್ದ ಹೊಟ್ಟೆ ತಡೆದುಕೊಳ್ಳುವುದಿಲ್ಲ. ಮೊದಲು ನಳಿಗೆಯಲ್ಲಿ ಲವಣ ಬೆರೆಸಿದ ನೀರು. ನಮ್ಮ ಓಆರ್‌ಎಸ್ ಪೊಟ್ಟಣದ ಅಣ್ಣತಮ್ಮ. ಆಮೇಲೆ ನುಣ್ಣಗೆ ರುಬ್ಬಿದ ಮೀನಿನ ಗಂಜಿ. ಆಮೇಲೆ ಇಡೀ ಮೀನನ್ನು ಬಾಯಿಗಿಟ್ಟು ನುಂಗಿಸುವುದು. ಕೊನೆಗೆ, ಕೊಳದಲ್ಲಿ ಉಳಿದವುಗಳ ಜೊತೆ ಜಗಳವಾಡಿ ತನ್ನ ಪಾಲು ಕಿತ್ತುಕೊಳ್ಳುವುದು. ಈ ಕೊನೆಯದು ಬರುವ ತನಕ ಬಿಡುಗಡೆಯಿಲ್ಲ.

ಹಸುವಿನ ಹಾಲು ಕೊಡಬಹುದಲ್ಲ ಎಂದು ಅವ್ವ ಕೇಳಿದಳು. ಕೊಡಲಾಗದು. ಎಮ್ಮೆಯ ಗಟ್ಟಿ ಹಾಲಿನಲ್ಲಿ ಕೊಬ್ಬು ನೂರಕ್ಕೆ ಏಳರ ಆಸುಪಾಸು. ಸೀಲ್ ತಾಯಿಯ ಹಾಲಿನಲ್ಲಿ ಅರ್ಧಕ್ಕರ್ಧ ಕೊಬ್ಬೇ. ಬೂದು ಸೀಲ್‌ನದಂತೂ ನೂರಕ್ಕೆ 60ರವರೆಗೆ ಏರುತ್ತದೆ. ಹಾಲಲ್ಲ, ಕರಗಿಸಿದ ಬೆಣ್ಣೆ. ಅದನ್ನು ಕುಡಿದು ಬೂದು ಸೀಲ್ ಮರಿ ಹುಟ್ಟಿದಾಗಿನ ಸುಮಾರು 14 ಕಿಲೋದಿಂದ ಮೂರು ವಾರದೊಳಗೆ ಮೂರು ಪಟ್ಟಾಗುತ್ತದೆ. ಅಷ್ಟೂ ದಿನ ತಾಯಿ ಏನನ್ನೂ ತಿನ್ನುವುದಿಲ್ಲ. ಮರಿ ಉಬ್ಬಿದಂತೆ ಅವಳು ಕುಗ್ಗುತ್ತಾಳೆ. ಹದಿನೆಂಟು ದಿನ ಆಗುತ್ತಿದ್ದಂತೆ ಎದ್ದು ನೀರಿಗಿಳಿದು ಹೋಗಿಯೇಬಿಡುತ್ತಾಳೆ, ಹಿಂದಿರುಗಿ ನೋಡುವುದಿಲ್ಲ. ಇದನ್ನು ಕೇಳಿ ಅವ್ವ ಬಹಳ ಹೊತ್ತು ಸುಮ್ಮನಿದ್ದು, "ಬಾಣಂತನ ಮಾಡೋರು ಯಾರೂ ಇಲ್ಲ ಪಾಪ, ಇನ್ನೇನು ಮಾಡ್ತಾಳೆ" ಎಂದಳು. ಇಷ್ಟು ಸಹಾನುಭೂತಿ ಅವಳು ತನ್ನ ಸೊಸೆಯಂದಿರ ಬಗ್ಗೆ ತೋರಿದ್ದು ನಾನು ಕಂಡಿಲ್ಲ. ಇರಲಿ.

ಈ ಕರಾವಳಿಯಲ್ಲಿ ಎರಡು ಬಗೆಯ ಸೀಲ್‌ಗಳಿವೆ. ಬೂದು ಸೀಲ್ ಮರಿ ಹಾಕುವುದು ಚಳಿಗಾಲದಲ್ಲಿ. ಬಿಳಿಯ ಉದ್ದ ತುಪ್ಪಳದ ಮರಿ. ಸ್ಕೆಗ್ನೆಸ್‌ನ ಉತ್ತರಕ್ಕೆ ಡೋನಾ ನೂಕ್ ಎಂಬಲ್ಲಿ, ವಾಯುಸೇನೆ ಬಾಂಬು ಹಾಕಿ ಅಭ್ಯಾಸ ಮಾಡುವ ಬಯಲಿನಲ್ಲಿ, ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಮರಿಗಳು ಹುಟ್ಟುತ್ತವೆ. ಬಾಂಬಿಗೆ ಹೆದರದವು ಮನುಷ್ಯರು ಬೇಲಿ ದಾಟಿದರೆ ಮರಿ ಬಿಟ್ಟು ಓಡುತ್ತವೆ. ಇನ್ನೊಂದು, ಸಾಮಾನ್ಯ ಸೀಲ್, ಬೇಸಿಗೆಯದು. ಸ್ಕೆಗ್ನೆಸ್‌ನ ದಕ್ಷಿಣಕ್ಕೆ ವಾಷ್ ಎಂಬ ದೊಡ್ಡ ಕೊಲ್ಲಿಯಿದೆ. ಇಳಿತದಲ್ಲಿ ಮರಳದಿಬ್ಬಗಳು ಎದ್ದು, ಭರತದಲ್ಲಿ ಮುಳುಗುತ್ತವೆ. ಜೂನ್, ಜುಲೈಯಲ್ಲಿ ತಾಯಿ ಆ ದಿಬ್ಬದ ಮೇಲೆ ಮರಿ ಹಾಕಿದರೆ, ಆರು ಗಂಟೆಯೊಳಗೆ ನೀರು ಏರಿ ಬರುತ್ತದೆ. ಮರಿ ಅಷ್ಟರಲ್ಲಿ ಈಜಲು ಕಲಿತಿರಬೇಕು, ಕಲಿತಿರುತ್ತದೆ. ಬಿಳಿ ತುಪ್ಪಳವನ್ನು ಹೊಟ್ಟೆಯೊಳಗೇ ಕಳಚಿಕೊಂಡು ಈಜಿಗೆ ಸಜ್ಜಾಗಿ ಬರುತ್ತದೆ. ಗಾಳಿ ಜೋರಾಗಿ ಅಲೆ ಎದ್ದ ದಿನ ತಾಯಿ ಮರಿ ಬೇರೆಯಾಗುವುದುಂಟು. ಗಾಜಿನ ಹಿಂದಿದ್ದದ್ದು ಅಂಥ ಒಂದು ಮರಿ.

ಆದರೆ ಎಲ್ಲ ಅನಾಥ ಮರಿಗಳೂ ಅನಾಥವಲ್ಲ ಎಂಬುದು ನನಗೆ ಹೊಸದು. ತಾಯಿ ಹೊಟ್ಟೆಪಾಡಿಗೆ ನೀರಿಗಿಳಿದಿರುತ್ತಾಳೆ. ಮರಿ ದಂಡೆಯಲ್ಲಿ ಬಿಸಿಲು ಕಾಯುತ್ತಿರುತ್ತದೆ. ಅಷ್ಟರಲ್ಲಿ ಯಾರೋ ಕರುಣಾಳುಗಳು ಬರುತ್ತಾರೆ. ಅಯ್ಯೋ ಒಂಟಿ ಮರಿ ಎಂದು ಸುತ್ತ ನಿಲ್ಲುತ್ತಾರೆ, ಮೈ ಸವರುತ್ತಾರೆ, ಟವೆಲ್ ಹೊದಿಸುತ್ತಾರೆ, ಇಲ್ಲವೇ ಪಾಪ ನೀರು ಬೇಕೇನೋ ಎಂದು ಅಲೆಗೆ ದೂಡುತ್ತಾರೆ. ತಾಯಿ ದೂರದಲ್ಲಿ ತಲೆಯೆತ್ತಿ ನೋಡಿ, ಗುಂಪು ಕಂಡು ಮುಳುಗುತ್ತಾಳೆ. ಗುಂಪು ಕರಗದಿದ್ದರೆ ಬರುವುದೇ ಇಲ್ಲ. ಮರಿ ಆಗ ನಿಜವಾಗಿ ಅನಾಥ. ಕನಿಕರದಿಂದಲೇ ಅನಾಥ. ನಾನಾದರೂ ಅದನ್ನೇ ಮಾಡುತ್ತಿದ್ದೆ, ಸುಳ್ಳೇಕೆ. ಮಕ್ಕಳ ಎದುರು ಒಳ್ಳೆಯವನೆನ್ನಿಸಿಕೊಳ್ಳಲು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಬರುತ್ತಿದ್ದೆನೇನೋ.

ಹಾಗೆ ಮಾಡಿದ್ದರೆ ಕೈಬೆರಳಿಗೂ ಗಂಡಾಂತರ. ಸೀಲ್ ಕಚ್ಚಿದರೆ ಬೆರಳು ಬಾತು ಗೆಣಸಾಗಿ, ಕೀಲು ಸೆಡೆತು, ಹಿಂದಿನ ಕಾಲದಲ್ಲಿ ಬೇಟೆಗಾರರು ಬೆರಳನ್ನೇ ಕತ್ತರಿಸಿಕೊಳ್ಳುತ್ತಿದ್ದದ್ದುಂಟು. ಪೆನಿಸಿಲಿನ್ ಇದಕ್ಕೆ ಜಗ್ಗುವುದಿಲ್ಲ, ಟೆಟ್ರಾಸೈಕ್ಲಿನ್ ಬೇಕು. ಓದಿದ್ದೇನೆಯೇ ಹೊರತು ಇದುವರೆಗೆ ಅಂಥ ಒಂದು ಬೆರಳನ್ನೂ ಕಂಡಿಲ್ಲ. ಮಗನಿಗೆ ಮಾತ್ರ ಕೈ ಹಿಂದಕ್ಕೆ ಕಟ್ಟಿಕೊಳ್ಳುವಷ್ಟು ಬಣ್ಣಿಸಿದೆ.

"ಸೀಲ್‌ಗೆ ಕನ್ನಡದಲ್ಲಿ ಏನಂತಾರೆ ಅಪ್ಪ?" ಮಗಳು ಇದ್ದಕ್ಕಿದ್ದಂತೆ ಕೇಳಿದಳು. ಪ್ರತಿ ಭಾನುವಾರ ಅವಳಿಗೆ ಅಜ್ಜಿಯಿಂದ ಹತ್ತು ಕನ್ನಡ ಪದ ಕಲಿಯುವ ಕಟ್ಟಳೆ. ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ಕಡಲಿನಲ್ಲಿ ಇಲ್ಲದ ಪ್ರಾಣಿಗೆ ನಾವು ಹೆಸರಿಟ್ಟಿಲ್ಲ. ಅವ್ವ ಮಾತ್ರ ಒಂದು ಗಳಿಗೆಯೂ ತಡ ಮಾಡಲಿಲ್ಲ. "ನೀರುನಾಯಿ. ನಮ್ಮ ಹೊಳ್ಯಾಗೆ ಇಲ್ಲೇನು? ಅದೇ ಮೂತಿ, ಅದೇ ಮೀಸೆ. ಇದು ಒಸಿ ಉಂಡು ಮಲಗಿದಂಗೈತೆ ಅಷ್ಟೇ."

ಪ್ರಾಣಿಶಾಸ್ತ್ರದ ಪ್ರಕಾರ ತಪ್ಪು. ನೀರುನಾಯಿ ಬೇರೆ ಕುಲ. ಅದಕ್ಕೆ ಕಾಲುಗಳಿವೆ, ಸೀಲ್‌ಗೆ ಹುಟ್ಟುಗಳಂಥ ಈಜುಪಾದಗಳು. ಆದರೆ ತುಂಗಭದ್ರೆಯ ದಡದಲ್ಲಿ ಹುಟ್ಟಿ ಬೆಳೆದವಳ ಕಣ್ಣಿಗೆ ಮೀಸೆಯ ಆ ಮುಖ ಪರಿಚಯವೇ. ನಾನು ಹುಡುಗನಾಗಿದ್ದಾಗ ಕಂಪ್ಲಿಯ ಸೇತುವೆಯ ಮೇಲಿಂದ ನೋಡಿದರೆ ಬಂಡೆಗಳ ನಡುವೆ ನಾಲ್ಕೈದು ನೀರುನಾಯಿಗಳು ಒಟ್ಟಾಗಿ ತಲೆಯೆತ್ತುತ್ತಿದ್ದವು. ಹರಿಗೋಲಿನಲ್ಲಿ ಬಲೆ ಹಾಕುವವರಿಗೆ ಅವುಗಳ ಮೇಲೆ ಸಿಟ್ಟು. ಬಲೆ ಹರಿದು ಮೀನು ಎಳೆಯುತ್ತವೆ ಎಂದು. 2015ರಲ್ಲಿ ಸರ್ಕಾರ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆಯನ್ನು ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ಇಲ್ಲಿನ ಮೀನುಗಾರರಿಗೂ ಸೀಲ್ ಮೇಲೆ ಅದೇ ಸಿಟ್ಟು, ಅದೇ ಬಲೆಯ ಕತೆ. ಬೂದು ಸೀಲ್ ರಕ್ಷಣೆಗೆ ಬ್ರಿಟಿಷರು ಕಾಯಿದೆ ತಂದದ್ದು 1914ರಲ್ಲಿ. ಆದರೂ ಬಲೆಗೆ ಬಂದ ಸೀಲ್‌ಗೆ ಗುಂಡು ಹೊಡೆಯುವುದಕ್ಕಿದ್ದ ವಿನಾಯಿತಿ ಇಂಗ್ಲೆಂಡಿನಲ್ಲಿ ಪೂರ್ತಿ ಹೋದದ್ದು 2021ರ ಮಾರ್ಚಿನಲ್ಲಿ. ನೂರು ವರ್ಷ ಹಿಡಿಯಿತು ಎಂದರೆ ನಮ್ಮ ಹೊಳೆಗೂ ಸ್ವಲ್ಪ ಸಮಯ ಕೊಡಬಹುದು. ಅಷ್ಟರಲ್ಲಿ ಸಿಡಿಮದ್ದು ಹಾಕಿ ಮೀನು ಹಿಡಿಯುವವರು ಹೊಳೆಯನ್ನೇ ಮುಗಿಸದಿದ್ದರೆ.

ಮಗಳ ಪುಸ್ತಕದಲ್ಲಿ ಆ ದಿನದ ಪದ 'ಕಡಲ ನೀರುನಾಯಿ' ಎಂದಾಯಿತು. ಮಾಸ್ತರರು ಒಪ್ಪದಿದ್ದರೆ ಬೇಡ. ನಮ್ಮ ಮನೆಯಲ್ಲಿ ಅದೇ ಹೆಸರು.

ಮೂರು ಗಂಟೆಯ ಹೊತ್ತಿಗೆ ದೊಡ್ಡ ಕೊಳದಲ್ಲಿ ಊಟದ ಸಮಯ. ಇಲ್ಲಿರುವವು ಕಡಲಿಗೆ ಮರಳಲಾಗದೆ ಇಲ್ಲೇ ನೆಲೆಸಿದ ಸೀಲ್‌ಗಳು. ಬಕೆಟ್ ತುಂಬ ಹೆರಿಂಗ್ ಮೀನು. ಕರಾವಳಿಯವರು ನೋಡಿದರೆ ಬೂತಾಯಿಯ ದಾಯಾದಿ ಎಂದು ಗುರುತು ಹಿಡಿದಾರು. ಹುಟ್ಟಾ ಸಸ್ಯಾಹಾರಿಯಾದ ಅವ್ವ ಮೂಗಿಗೆ ಸೆರಗು ಮುಚ್ಚಿ, ಕಣ್ಣು ಮಾತ್ರ ಮುಚ್ಚದೆ, ಎಲ್ಲರಿಗಿಂತ ಮುಂದಿನ ಸಾಲಿನಲ್ಲಿ ನಿಂತಳು. ಬಕೆಟ್ಟಿನ ಸಪ್ಪಳಕ್ಕೇ ನೀರು ಅಲ್ಲೋಲಕಲ್ಲೋಲ. ನೆಲದ ಮೇಲೆ ಮೂಟೆಯಂತೆ ಬಿದ್ದಿದ್ದವು ನೀರಿಗಿಳಿದ ಕೂಡಲೇ ಎಣ್ಣೆಯಂತೆ ಜಾರಿದವು. ಒಂದು ಮುದಿ ಸೀಲ್ ಅಂಚಿಗೆ ಬಂದು, ಎದೆಯವರೆಗೆ ಎದ್ದು, ಕಪ್ಪು ಗೋಲಿಯಂಥ ಕಣ್ಣುಗಳನ್ನು ಅವ್ವನ ಮೇಲೆ ನೆಟ್ಟಿತು. ಮೂಗಿನ ಹೊಳ್ಳೆಗಳು ಎರಡು ಸೀಳುಗಳ ಹಾಗೆ ತೆರೆದು, ಬುಸ್ಸೆಂದು ಮೀನುವಾಸನೆಯ ಉಸಿರು ಬಿಟ್ಟು, ಮತ್ತೆ ಬಿಗಿಯಾಗಿ ಮುಚ್ಚಿಕೊಂಡವು. ಅದರ ಮೂಗು ತಾನಾಗಿ ಮುಚ್ಚಿಯೇ ಇರುತ್ತದೆ, ತೆರೆಯಲು ಶ್ರಮ ಬೇಕು. ಅವ್ವನದು ಆ ಹೊತ್ತಿನಲ್ಲಿ ತಿರುಗಾಮುರುಗಾ.

ಕೊಳದ ನೀರಿನ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಅದು ನಮ್ಮ ಸೀಮೆಯವರಿಗೆ ಅರ್ಥವಾಗುವಷ್ಟು ಬೇರೆಯವರಿಗೆ ಆಗಲಿಕ್ಕಿಲ್ಲ. ಈ ದಂಡೆಯ ಕಡಲು ತಿಳಿನೀಲಿಯಲ್ಲ, ಹಾಲು ಕಡಿಮೆ ಹಾಕಿದ ಚಹಾದ ಬಣ್ಣ. ಅದನ್ನು ಹಾಗೆಯೇ ಪಂಪ್ ಮಾಡಿದರೆ ಕೊಳ ಕೆಸರುಗುಂಡಿ. ಈ ಜಾಗಕ್ಕೆ ಆರಂಭದಲ್ಲಿ ನಂಟಿದ್ದವರಲ್ಲಿ ಜಾರ್ಜ್ ಕ್ಯಾನ್ಸ್‌ಡೇಲ್ ಒಬ್ಬರು. ಲಂಡನ್ ಮೃಗಾಲಯದ ಮುಖ್ಯಸ್ಥರಾಗಿದ್ದವರು, ಟಿವಿಯಲ್ಲಿ ಪ್ರಾಣಿಗಳನ್ನು ತೋರಿಸಿ ಮನೆಮಾತಾಗಿದ್ದವರು, ಅದಕ್ಕೂ ಮೊದಲು ಆಫ್ರಿಕದ ಗೋಲ್ಡ್ ಕೋಸ್ಟಿನಲ್ಲಿ, ಅಂದರೆ ಈಗಿನ ಘಾನಾದಲ್ಲಿ, ಅರಣ್ಯಾಧಿಕಾರಿಯಾಗಿದ್ದವರು. ಕಡಲತಡಿಯ ಮೃಗಾಲಯಗಳಿಗೆ ತಿಳಿನೀರು ಬೇಕಾದಾಗ ಅವರು ಹುಡುಕಿದ ದಾರಿ ಬಲು ಸರಳ. ನೀರನ್ನು ಮೇಲಿನಿಂದ ಎಳೆಯಬೇಡಿ, ಮರಳಿನಡಿಯಿಂದ ಎಳೆಯಿರಿ. ಸೋಸುವ ಪೆಟ್ಟಿಗೆಯನ್ನು ಮರಳಿನಲ್ಲಿ ಹೂತುಬಿಟ್ಟರೆ ಸೋಸುವ ಕೆಲಸವನ್ನು ಮರಳೇ ಮಾಡುತ್ತದೆ. ಇದೇ ಉಪಾಯ ಮುಂದೆ ಬಡ ದೇಶಗಳ ಹಳ್ಳಿಗಳಿಗೆ ಕುಡಿಯುವ ನೀರು ಕೊಡಲು ಬಳಕೆಯಾಯಿತು.

ಅವ್ವನಿಗೆ ಇದನ್ನು ಹೇಳಿದೆ. "ವರತೆ ಅನ್ನು" ಎಂದಳು. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಮರಳು ತೋಡಿ, ಮೊಳದಾಳದಲ್ಲಿ ತಣ್ಣಗೆ ಜಿನುಗುವ ನೀರನ್ನು ಚಿಪ್ಪಿನಿಂದ ಮೊಗೆದು, ಮೂರು ಕೊಡ ತುಂಬಿಸಿ ತರುತ್ತಿದ್ದವಳು ಅವಳು. ಪಾಶ್ಚಾತ್ಯರ ಎಲ್ಲ ಜ್ಞಾನವೂ ನಮ್ಮಲ್ಲಿ ಮೊದಲೇ ಇತ್ತು ಎಂದು ವಾಟ್ಸ್ಯಾಪಿನಲ್ಲಿ ಬರುವ ಮಾತುಗಳಿಗೆ ನಾನು ಸೇರುವವನಲ್ಲ. ಆದರೆ ವರತೆಯ ವಿಷಯದಲ್ಲಿ ಅವ್ವನ ಮಾತಿಗೆ ಎದುರಾಡಲಿಲ್ಲ.

ಈಗ ಸ್ವಲ್ಪ ಕಹಿ. ಮರಳಿ ಪೆಂಗ್ವಿನ್‌ಗಳ ಬಳಿ ಬಂದಾಗ ಮಗಳು ನೇರ ಪ್ರಶ್ನೆ ಹಾಕಿದಳು. "ಸೀಲ್ ಮರಿಗೆ ಹುಷಾರಿಲ್ಲ, ಸರಿ. ಈ ಪೆಂಗ್ವಿನ್‌ಗೇನಾಗಿದೆ? ಇದನ್ಯಾಕೆ ಮನೆಗೆ ಕಳಿಸಲ್ಲ?" ಒಂಬತ್ತು ವರ್ಷದವರ ಪ್ರಶ್ನೆಗಳಿಗೆ ನುಣುಚಿಕೊಳ್ಳುವ ಉತ್ತರ ಕೊಡಬಾರದು, ಹತ್ತಾಗುವಷ್ಟರಲ್ಲಿ ಅವರು ಕೇಳುವುದನ್ನೇ ಬಿಟ್ಟುಬಿಡುತ್ತಾರೆ. ಹಾಗಾಗಿ ನನಗೆ ಗೊತ್ತಿದ್ದಷ್ಟು ಹೇಳಿದೆ. ಆಫ್ರಿಕದ ಕಡಲಿನಲ್ಲಿ ಅವಕ್ಕೆ ಮೀನು ಸಿಗುತ್ತಿಲ್ಲ. ಮರಿ ಮಾಡುವ ಜೋಡಿಗಳು ಅಲ್ಲಿ ಹತ್ತು ಸಾವಿರಕ್ಕಿಂತ ಕೆಳಗಿಳಿದಿವೆ. 2024ರಲ್ಲಿ ಅವನ್ನು ಅಳಿವಿನ ತೀರಾ ಅಂಚಿನಲ್ಲಿರುವ ಜಾತಿಗಳ ಪಟ್ಟಿಗೆ ಸೇರಿಸಿದರು. ಆದರೂ ಅದು ಪೂರ್ತಿ ಉತ್ತರವಲ್ಲ. ಇನ್ನರ್ಧ ಉತ್ತರ ಇಷ್ಟು: ಜನ ದುಡ್ಡು ಕೊಟ್ಟು ಬರುವುದು ಪೆಂಗ್ವಿನ್ ನೋಡಲು. ಗಾಜಿನ ಹಿಂದೆ ಬಿದ್ದುಕೊಂಡ ಬಡಕಲು ಮರಿಯೊಂದನ್ನು ನೋಡಲು ಯಾರೂ ಟಿಕೆಟ್ ತೆಗೆಯುವುದಿಲ್ಲ. ಮರಿಯ ಹೆರಿಂಗ್, ಮರಿಯ ಔಷಧಿ, ರಾತ್ರಿ ಎರಡು ಗಂಟೆಗೆ ಎದ್ದು ನಳಿಗೆ ಹಾಕುವವರ ಸಂಬಳ, ಎಲ್ಲ ಬರುವುದು ಈ ಕತ್ತೆಕೂಗಿನ ಹಕ್ಕಿಯಿಂದ.

ಇದು ಎಷ್ಟು ಸೂಕ್ಷ್ಮದ ಬದುಕು ಎಂಬುದು 2020ರಲ್ಲಿ ಗೊತ್ತಾಯಿತು. ಮಾರ್ಚಿನಲ್ಲಿ ಕೊರೊನಾದಿಂದಾಗಿ ಬೀಗ ಬಿತ್ತು. ಅಂಗಡಿಗೆ ಬೀಗ ಹಾಕಿದರೆ ಸಾಮಾನಿಗೆ ಹಸಿವಾಗುವುದಿಲ್ಲ. ಮೃಗಾಲಯಕ್ಕೆ ಹಾಗಲ್ಲ. ಇಂಗ್ಲೆಂಡಿನ ಸಣ್ಣ ಮೃಗಾಲಯ, ಅಕ್ವೇರಿಯಂಗಳ ಕೈ ಬರಿದಾದಾಗ ಸರ್ಕಾರ ಮೇ ತಿಂಗಳಲ್ಲಿ 1 ಕೋಟಿ 40 ಲಕ್ಷ ಪೌಂಡ್‌ಗಳ ನಿಧಿ ತೆಗೆದಿಡಬೇಕಾಯಿತು. ಇಂಥ ಜಾಗಗಳಿಗೆ ಉದಾರಿಗಳ ದತ್ತಿಗಿಂತ ಬಾಗಿಲಲ್ಲಿ ಹರಿಯುವ ಟಿಕೆಟ್ಟೇ ಗತಿ. ಹಾಗೆಂದು ಏನು ಬೇಕಾದರೂ ಮಾಡುವಂತಿಲ್ಲ. ವರ್ಷಕ್ಕೆ ಏಳು ದಿನವಾದರೂ ಕಾಡುಪ್ರಾಣಿಗಳನ್ನು ಜನರಿಗೆ ತೋರಿಸುವ ಯಾರೇ ಆಗಲಿ, 1981ರ ಕಾಯಿದೆಯಡಿ ಪರವಾನಗಿ ಪಡೆಯಬೇಕು, ತಪಾಸಣೆಗೆ ಒಳಪಡಬೇಕು. ನನ್ನ ತೀರ್ಮಾನ ಕೇಳಿದರೆ, ಪ್ರಾಣಿಗಳನ್ನು ಕೂಡಿಹಾಕುವುದು ನನಗೆ ಇಷ್ಟವಿಲ್ಲ, ಮೊಸಳೆಯನ್ನು ಗಾಜಿನಲ್ಲಿ ನೋಡುವಾಗ ನನಗೆ ಖುಷಿಯಾಗುವುದಿಲ್ಲ. ಆದರೂ ಟಿಕೆಟ್ ತೆಗೆಯುತ್ತೇನೆ. ಆ ದುಡ್ಡಿನಲ್ಲಿ ಎಷ್ಟು ಪಾಲು ಮರಿಗೆ ಹೋಗುತ್ತದೆಂದು ಲೆಕ್ಕ ಕೇಳದೆಯೇ ತೆಗೆಯುತ್ತೇನೆ. ಮಗಳಿಗೆ ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಆಗಬೇಕಾಗಿಯೂ ಇಲ್ಲ.

ಇಂಥ ಆಸ್ಪತ್ರೆಗಳು ಬೇಕೇ ಎಂಬ ಪ್ರಶ್ನೆಯೂ ಹೊಸದಲ್ಲ. 1988ರ ಬೇಸಿಗೆಯಲ್ಲಿ ಉತ್ತರ ಸಮುದ್ರದ ಸುತ್ತ ಸೀಲ್‌ಗಳಿಗೆ ಮಾರಿ ಬಡಿಯಿತು. ನಾಯಿಗಳಿಗೆ ಬರುವ ಡಿಸ್ಟೆಂಪರ್ ರೋಗದ ಹತ್ತಿರದ ನಂಟಿನ ವೈರಾಣು. ಯುರೋಪಿನ ದಂಡೆಗಳಲ್ಲಿ ಸುಮಾರು 18,000 ಸಾಮಾನ್ಯ ಸೀಲ್‌ಗಳು ಸತ್ತವು, ವಾಷ್ ಕೊಲ್ಲಿಯಲ್ಲಿ ಅರ್ಧದಷ್ಟು. ಆ ವರ್ಷ ದಂಡೆಗೆ ಬಿದ್ದವನ್ನು ಎತ್ತಲು ಒಂದಷ್ಟು ಮುಳುಗುಗಾರರು ಒಟ್ಟುಗೂಡಿ ಕಟ್ಟಿದ ಸಂಘ, ಬ್ರಿಟಿಷ್ ಡೈವರ್ಸ್ ಮರೀನ್ ಲೈಫ್ ರೆಸ್ಕ್ಯೂ, ಇವತ್ತಿಗೂ ದೇಶದ ದಂಡೆಗಳ ತುಂಬ ಸ್ವಯಂಸೇವಕರನ್ನಿಟ್ಟುಕೊಂಡು ನಡೆಯುತ್ತಿದೆ. 2002ರಲ್ಲಿ ಅದೇ ಮಾರಿ ಮತ್ತೆ ಬಂತು. ಎರಡೂ ಸಲ ಸೀಲ್‌ಗಳು ಚೇತರಿಸಿಕೊಂಡವು. ಈಚಿನ ವರ್ಷಗಳಲ್ಲಿ ವಾಷ್ ಕೊಲ್ಲಿಯ ಎಣಿಕೆಯಲ್ಲಿ ಸಾಮಾನ್ಯ ಸೀಲ್‌ಗಳು ಮತ್ತೆ ಕಡಿಮೆಯಾಗಿವೆ, ಈ ಸಲ ಮಾರಿಯಿಲ್ಲದೆಯೇ. ಸಾವಿರಗಳ ಈ ಲೆಕ್ಕದಲ್ಲಿ, ವರ್ಷಕ್ಕೆ ಬದುಕಿ ಹೋಗುವ ಕೆಲವು ಹತ್ತು ಮರಿಗಳು ಏನೂ ಅಲ್ಲ. ಆ ಮಾತನ್ನು ಗಾಜಿನ ಹಿಂದಿನ ಮರಿಯ ಎದುರು ನಿಂತು ಹೇಳುವುದು ಕಷ್ಟ. ಮಕ್ಕಳ ವಾರ್ಡಿನಲ್ಲೂ ನಾವು ಯಾರೂ ಜನಸಂಖ್ಯೆಯ ಲೆಕ್ಕ ಹಾಕುತ್ತಿರಲಿಲ್ಲ.

ಮಧ್ಯಾಹ್ನದ ಊಟಕ್ಕೆ ಗೋಡೆಯ ಮರೆಯಲ್ಲಿ ಕುಳಿತು ಮಂಡಕ್ಕಿ ಒಗ್ಗರಣೆಯ ಡಬ್ಬಿ ಬಿಚ್ಚಿದ್ದೆವು. ಮಿರ್ಚಿ ಮನೆಯಲ್ಲೇ ತಣ್ಣಗಾಗಿತ್ತು. ಕಡಲಹಕ್ಕಿಯೊಂದು ಬಂದು ಮಗನ ಕೈಯಿಂದಲೇ ಒಂದನ್ನು ಕಸಿದುಕೊಂಡು ಹಾರಿ, ಕಚ್ಚಿ ನೋಡಿದ್ದೇ ಮರಳಿಗೆ ಉಗುಳಿತು. ಆ ದಿನದ ಅತಿ ದೊಡ್ಡ ನಗು ಅದೇ. ಅಳು ಬಂದದ್ದು ಅದರ ಹಿಂದೆಯೇ.

ಬೆಳಿಗ್ಗೆ ದಂಡೆಯ ಅಂಗಡಿಯೊಂದರಲ್ಲಿ ಮಗನಿಗೆ ಎಸೆದಾಡಲು ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಬಳೆ ಕೊಡಿಸಿದ್ದೆ. ಹಾರುವ ತಟ್ಟೆಯೇ, ಆದರೆ ನಡುವೆ ಖಾಲಿ. ಅದನ್ನು ಅವನು ಕೊರಳಿಗೆ ಹಾಕಿಕೊಂಡು ಕುಳಿತಿದ್ದ. ಮಗಳು ಅದನ್ನು ನೋಡಿ ಗಾಬರಿಯಾಗಿ ಎದ್ದಳು. ಶಾಲೆಯಲ್ಲಿ ಚಿತ್ರ ತೋರಿಸಿದ್ದರಂತೆ. ನಾರ್ಫೋಕ್ ದಂಡೆಯಲ್ಲಿ ಇಂಥ ಬಳೆಯೊಳಗೆ ಆಟವಾಡುತ್ತ ತಲೆ ತೂರಿಸಿದ ಸೀಲ್‌ಗಳ ಚಿತ್ರ. ಮರಿಯಾಗಿದ್ದಾಗ ಸಲೀಸಾಗಿ ಒಳಹೋದ ತಲೆ ಹಿಂದಕ್ಕೆ ಬರುವುದಿಲ್ಲ. ಮರಿ ಬೆಳೆಯುತ್ತದೆ, ಬಳೆ ಬೆಳೆಯುವುದಿಲ್ಲ. ತಿಂಗಳು ಕಳೆದಂತೆ ಚರ್ಮ ಕೊರೆದು, ಕೊಬ್ಬು ಕೊರೆದು, ಮಾಂಸಕ್ಕಿಳಿಯುತ್ತದೆ. ಬಾಯಿ ತೆರೆದು ಮೀನು ಹಿಡಿಯಲೂ ಆಗದೆ ಸೊರಗುತ್ತದೆ.

ಅವ್ವನಿಗೆ ಚಿತ್ರ ಬೇಕಾಗಲಿಲ್ಲ. "ಕರಿನ ಕೊಳ್ಳಿಗೆ ಹಗ್ಗ ಕಟ್ಟಿ ಸಡ್ಲಿಸೋದು ಮರೆತ್ರೆ ಹಂಗೇ ಆಗತೈತೆ. ಹಗ್ಗ ಒಳಗೇ ಹೋಗಿ ಮ್ಯಾಲೆ ತೊಗಲು ಕೂಡಿರತೈತೆ. ನಿಮ್ಮ ತಾತ ಒಂದು ದನದ್ದು ಬಿಡಿಸಿದ್ರು. ಹುಳ ಬಿದ್ದಿದ್ವು." ಅವಳು ಮೊಮ್ಮಗನ ಕೊರಳಿಂದ ಬಳೆಯನ್ನು ಮೆಲ್ಲಗೆ ತೆಗೆದು, ನನ್ನ ಕೈಗೆ ಕೊಟ್ಟಳು. ಮಗ ಬೊಬ್ಬೆ ಹೊಡೆದ. ನಾನು ಚಾಕುವಿನಿಂದ ಅದನ್ನು ಎರಡು ಕಡೆ ಕತ್ತರಿಸಿ, ಎರಡು ಅರೆಬಳೆ ಮಾಡಿ ಚೀಲಕ್ಕೆ ಹಾಕಿದೆ. ಅವನು ಸಂಜೆಯವರೆಗೂ ನನ್ನೊಂದಿಗೆ ಮಾತು ಬಿಟ್ಟ.

ಹೊರಡುವ ಮುನ್ನ ಮತ್ತೊಮ್ಮೆ ಆ ಗಾಜಿನ ಬಳಿ ಹೋದೆವು. ಮರಿ ನಿದ್ದೆಯಲ್ಲಿತ್ತು. ಮೈ ಏರಿಳಿಯುತ್ತಿತ್ತು. ಕಣ್ಣಿನ ಸುತ್ತಲ ವರ್ತುಲ ಒದ್ದೆಯಾಗಿಯೇ ಇತ್ತು. ಮಗಳು ಅದನ್ನು ಎರಡೆರಡು ಸಲ ನೋಡಿ ಖಾತ್ರಿ ಮಾಡಿಕೊಂಡಳು. ಎಲ್ಲ ಸರಿಹೋದರೆ ಮೂವತ್ತು ಕಿಲೋ ದಾಟಿದ ಮೇಲೆ, ಈಜುಪಾದಕ್ಕೊಂದು ಗುರುತಿನ ಬಿಲ್ಲೆ ಹಚ್ಚಿ, ಅದನ್ನು ಕಡಲಿಗೆ ಬಿಡುತ್ತಾರೆ.

ಬೇಸಿಗೆ ರಜೆಯಲ್ಲಿ ಈ ಕಡೆ ಬರುವ ಕನ್ನಡದವರು ಲಂಡನ್ ನೋಡಿ ಮುಗಿಸಿದ ಮೇಲೆ ಒಂದು ದಿನ ಉಳಿದರೆ ಸ್ಕೆಗ್ನೆಸ್ಸಿಗೆ ಬನ್ನಿ. ಸ್ವೆಟರ್ ತನ್ನಿ. ಸೀಲ್‌ಗಳ ಊಟದ ಹೊತ್ತು ಬಾಗಿಲಲ್ಲೇ ಕೇಳಿಕೊಂಡು ಒಳಹೋಗಿ. ದಂಡೆಯಲ್ಲಿ ಒಂಟಿ ಮರಿ ಕಂಡರೆ ನೂರು ಮೀಟರ್ ಆಚೆಯೇ ನಿಲ್ಲಿ, ನೀರಿಗೆ ದೂಡಬೇಡಿ, ಮುಳುಗುಗಾರರ ಸಂಘಕ್ಕೆ ಫೋನ್ ಮಾಡಿ. ಮಕ್ಕಳು ಎಸೆದಾಡಲು ಏನಾದರೂ ಕೇಳಿದರೆ, ನಡುವೆ ತೂತಿಲ್ಲದ ತಟ್ಟೆಯನ್ನೇ ಕೊಡಿಸಿ.